ತಾಮ್ರದ ಗುಡ್ಡೆಯ ಎರ್ಸಿಲಿಯಾ ಅಕ್ಕನಿಗೆ

ನನ್ನ ಜಗಳಗಂಟಿ ಅಕ್ಕಾ,

ಕಲಾಮಾದಲ್ಲಿ ಗಾಳಿ ಎದ್ದಿದೆ, ಕಿಟಕಿ ಮುಚ್ಚಿ ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ನೀನು ಮರಳಿದ ನಿನ್ನ ಚಿಲೊಯೆ ದ್ವೀಪದಲ್ಲಿ ಮಳೆಗೆ ಬಟ್ಟೆ ಒಣಗುವುದೇ ಇಲ್ಲವಂತೆ. ಇಲ್ಲಿ ಹಿಂಡುವಷ್ಟರಲ್ಲೇ ಒಣಗಿರುತ್ತದೆ.

ಅದಿರಿನ ಗುಡ್ಡೆಯ ಮೇಲೆ ನಾನು ಕೆಲಸಕ್ಕೆ ಬಂದ ದಿನ ನೀನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವಳನ್ನ ಗಾಳಿನೇ ಎತ್ಕೊಂಡ್ ಹೋಗುತ್ತೆ, ಪೈಪಿಗೆ ಕಟ್ಟಿಹಾಕ್ರಪ್ಪಾ" ಎಂದಿದ್ದೆ. ಸಿಟ್ಟು ಬಂದಿತ್ತು. ಮಧ್ಯಾಹ್ನ ನಿನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು, ಬೆಣ್ಣೆಹಣ್ಣು ಹಚ್ಚಿ ಕೊಟ್ಟಾಗ ಅದು ಎಲ್ಲಿ ಹೋಯಿತೋ. ಅಂದಿನಿಂದ ಜೊತೆಯಾಗಿಯೇ ಕೊಳವೆ ಹಾಸಿದೆವು. ಅವುಗಳಿಂದ ತೊಟ್ಟಿಕ್ಕಿದ ಆಸಿಡ್ಡಿನ ನೀರು ಗುಡ್ಡೆಯೊಳಗಿನ ತಾಮ್ರವನ್ನು ಕರಗಿಸಿಕೊಂಡು, ಕೆಳಗಿನ ಕೊಳಕ್ಕೆ ನೀಲಿ ಹಸಿರಾಗಿ ಇಳಿಯುವುದನ್ನು ನೋಡುತ್ತ ಕೂರುವುದೆಂದರೆ ನಿನಗೆ ಪ್ರಾಣ.

ಅಪಘಾತವಾದ ದಿನ ರಕ್ಷಣೆಯ ಕನ್ನಡಕದ ಮೇಲೆ ಧೂಳು ಕೂತಿತ್ತೆಂದು ಒರೆಸಲು ತೆಗೆದಿದ್ದೆ. ಅದೇ ಗಳಿಗೆಯಲ್ಲಿ ಕೊಳವೆಯ ಕೀಲು ಬಿಚ್ಚಿ ಆಸಿಡ್ ಮುಖಕ್ಕೆ ಚಿಮ್ಮಿತು. ಉರಿಯೊಂದನ್ನು ಬಿಟ್ಟರೆ ನನಗೆ ನೆನಪಿರುವುದು ನಿನ್ನ ದನಿ. ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ನಿಲ್ಲಿಸಿ, ನನ್ನ ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದೆ. ಹನಿ ನೀರಿಗೂ ಪರದಾಡುವ ಈ ಅಟಕಾಮಾ ಮರಳುಗಾಡಿನಲ್ಲಿ ನೀನು ನನ್ನ ಮೇಲೆ ಹೊಳೆಯನ್ನೇ ಹರಿಸಿದೆ. ನಾನು ಒದ್ದಾಡಿದೆ, ನಿನ್ನ ಕೈ ಕಚ್ಚಿದೆ. "ಕಚ್ಚೇ, ಎಷ್ಟ್ ಬೇಕಾದ್ರೂ ಕಚ್ಚು. ಕಣ್ಣು ಮಾತ್ರ ಮುಚ್ಚಬೇಡ" ಎಂದು ನೀನು ಹೇಳುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದಾಗ ಮೊದಲು ಕಂಡವಳು ನೀನೇ. ನಿನ್ನ ಕೈಗೂ ಪಟ್ಟಿ. ನಾನು ಅಳತೊಡಗಿದೆ. "ನನ್ ಮುಖ ಅಷ್ಟ್ ಕೆಟ್ಟದಾಗಿದ್ಯೇನೆ?" ಎಂದು ನೀನು ನನ್ನನ್ನು ನಗಿಸಿದೆ. ಎಡಗಣ್ಣು ಮಸುಕಾಗಿಯೇ ಉಳಿಯಿತು. ಬಲಗಣ್ಣು ಉಳಿದದ್ದು ನಿನ್ನಿಂದ ಎಂದು ಡಾಕ್ಟರೇ ಹೇಳಿದರು; ಆ ಮಾತು ಕೇಳಿಸದವಳಂತೆ ನೀನು ಹೊದಿಕೆ ಸರಿಮಾಡುತ್ತ ನಿಂತಿದ್ದೆ.

ಈಗ ಸುದ್ದಿ ಕೇಳು. ಕಾರ್ಖಾನೆಯಲ್ಲಿ ತಗಡುಗಳ ಮೇಲೆ ಕೂತ ತಾಮ್ರವನ್ನು ಹಾಳೆಯಾಗಿ ಸುಲಿಯುವ ಎಲಿಸೆಯೊ, "ಕೆಮ್ಮೋಕೂ ಪರ್ಮಿಷನ್ ಕೇಳೋನು" ಎಂದು ನೀನು ಕಾಡುತ್ತಿದ್ದವನು, ಕೊನೆಗೂ ಬಾಯಿಬಿಟ್ಟ. ನಾನು ಒಪ್ಪಿದೆ. ವಸಂತದಲ್ಲಿ ಮದುವೆ. ಇಗರ್ಜಿಯಲ್ಲಿ ನನ್ನ ತಾಯಿಯ ಜಾಗದಲ್ಲಿ ಯಾರು ನಿಲ್ಲುತ್ತಾರೆ ಎಂದು ಪಾದ್ರಿ ಕೇಳಿದರು. ಅಮ್ಮ ನನ್ನನ್ನು ಹೆತ್ತ ದಿನವೇ ಹೋದವಳು. ಅವಳ ಮುಖ ನಾನು ಕಂಡಿಲ್ಲ. ನಿನ್ನನ್ನು ಒಂದು ಮಾತು ಕೇಳದೆ ನಿನ್ನ ಹೆಸರು ಹೇಳಿಬಿಟ್ಟೆ.

"ಅಷ್ಟ್ ದೂರ ಬಸ್ಸಲ್ಲಿ ಕೂತ್ರೆ ನನ್ ಸೊಂಟ ಉಳಿಯುತ್ತಾ?" ಎಂದು ಬೈಯುತ್ತೀ, ಗೊತ್ತು. ಬೈಯುತ್ತಲೇ ಬಾ. ನೀನು ಬರುವವರೆಗೆ ನಾನು ಇಗರ್ಜಿಯ ಮೆಟ್ಟಿಲು ಹತ್ತುವುದಿಲ್ಲ.

ದೇವಮಾತೆ ನಿನ್ನನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ಮನೆಯ ಹುಡುಗಿ,
ಯಾಸ್ನಾ