ಬೂದಿ ಸುಮ್ಮನಿದ್ದ ಮಧ್ಯಾಹ್ನ

ಜೂನ್ ೪, ಮಧ್ಯಾಹ್ನ ೩.೧೦

ಕಾಲಿಂಗ್ ಬೆಲ್. ಮಗು ಮಲಗಿದೆ, ಒತ್ತಬೇಡಿ ಎಂದು ಚೀಟಿ ಅಂಟಿಸಿದ್ದರೂ. ರಾತ್ರಿಯೆಲ್ಲ ಎದ್ದಿದ್ದವಳು ಈಗಷ್ಟೇ ಕಣ್ಣು ಮುಚ್ಚಿದ್ದೆ... ಪುಟ್ಟಿ ಕಿರುಚಿದಳು, ಬೂದಿ ಬೊಗಳಿತು. ಬಾಗಿಲಲ್ಲಿ ಕೆಳಗಿನ ಮನೆಯ ಓನರ್ ಆಂಟಿ.

ನಿನ್ನೆ ಪುಟ್ಟಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದಾಗ ಬೂದಿ ಒಂದೇ ಸಮನೆ ಬೊಗಳಿತಂತೆ. ಆಮೇಲೆ ಊಳಿಟ್ಟಿತಂತೆ. ಮೊದಲ ಸಲವೇನಲ್ಲ. ಹೊರಗೆ ಹೋದಾಗಲೆಲ್ಲ ತೊಟ್ಟಿಲ ಕ್ಯಾಮೆರಾದಿಂದ ಅದನ್ನು ಮಾತಾಡಿಸುತ್ತಲೇ ಇರುತ್ತೇನೆ, ಆದರೂ.

“ಮಗು ಅತ್ರೆ ಏನೂ ಅನ್ನಲ್ಲಮ್ಮ, ನಾನೂ ಹೆತ್ತಿರೋಳೇ. ಈ ನಾಯಿ ಅಳೋದು ಮಾತ್ರ ಕೇಳೋಕಾಗಲ್ಲ.”

ತಿಂಗಳ ಕೊನೆಯವರೆಗೆ ಗಡುವು. ನಾಯಿ ಸುಮ್ಮನಾಗಬೇಕು, ಇಲ್ಲವೇ ಹೋಗಬೇಕು.

ಜೂನ್ ೫

ನಮ್ಮನೆಯವರು ತಮ್ಮ ಅಕ್ಕನಿಗೆ ಫೋನ್ ಮಾಡಿಯೂ ಆಯಿತು. ಅತ್ತಿಗೆ ಮೂವತ್ತಕ್ಕೆ ಬಂದು ಬೂದಿಯನ್ನು ಕರೆದುಕೊಂಡು ಹೋಗುತ್ತಾರಂತೆ. ಆಗಲೇ ಹೊಸ ಬೆಲ್ಟ್ ಕೊಂಡಿದ್ದಾರೆ — ಕೂಸು ಹುಟ್ಟುವ ಮೊದಲೇ ಕುಲಾವಿ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಜೂನ್ ೮

ಇಂಟರ್ನೆಟ್‌ನಲ್ಲಿ ಓದಿದ್ದು: ಸ್ವಲ್ಪ ಹೊತ್ತು ಹೊರಗೆ ಹೋಗಿ, ಬೊಗಳುವ ಮೊದಲೇ ವಾಪಸ್ ಬನ್ನಿ. ಪುಟ್ಟಿಯ ತೊಟ್ಟಿಲು ಕಾಣುವಂತೆ ಕಪಾಟಿನ ಮೇಲಿಟ್ಟಿದ್ದ ಕ್ಯಾಮೆರಾವನ್ನು ಬೂದಿಯ ಕಡೆ ತಿರುಗಿಸಿದೆ. ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ನೋಡಿದೆ. ಬೂದಿ ಬಾಗಿಲ ಹತ್ತಿರ ಬಂತು. ಕಿವಿ ಎತ್ತಿತು. ಪಾಪ ಅನ್ನಿಸಿತು. ಮೊಬೈಲಿನಲ್ಲೇ ಒತ್ತಿ ಮಾತಾಡಿದರೆ ಕ್ಯಾಮೆರಾದಲ್ಲಿ ಕೇಳಿಸುವ ಬಟನ್ ಇದೆಯಲ್ಲ — ಒತ್ತಿ, ಬೂದಿ, ಅಮ್ಮ ಇಲ್ಲೇ ಇದೀನಿ ಕಂದ, ಎಂದೆ.

ಬೊಗಳಿತು. ಇನ್ನಷ್ಟು ಸಮಾಧಾನ ಮಾಡಿದೆ. ಇನ್ನಷ್ಟು ಬೊಗಳಿತು.

ಜೂನ್ ೧೨

ದಿನದಿಂದ ದಿನಕ್ಕೆ ಜಾಸ್ತಿ. ಕ್ಯಾಮೆರಾ ಇಟ್ಟ ಕಪಾಟನ್ನೇ ಬೂದಿ ಪರಚಿಹಾಕಿದೆ. ಗಂಟಲು ಬಿದ್ದುಹೋಗಿದೆ — ಅದರದ್ದೂ, ನನ್ನದೂ. ಎಷ್ಟು ಮುದ್ದು ಮಾಡಿ ಮಾತಾಡಿದರೂ... ಇವರು ನಗುತ್ತಾರೆ, ಬೊಗಳೋದಕ್ಕೇ ಟ್ರೈನಿಂಗ್ ಕೊಡ್ತಿದೀಯ ಎಂದು.

ಜೂನ್ ೧೯, ಸಂಜೆ

ಪುಟ್ಟಿಯನ್ನು ಡಾಕ್ಟರಿಗೆ ತೋರಿಸಲು ಹೋದೆ. ಅರ್ಧ ದಾರಿಯಲ್ಲಿ ಮೊಬೈಲ್ ಚಾರ್ಜ್ ಖಾಲಿ. ನೋಡುವಂತಿಲ್ಲ, ಮಾತಾಡುವಂತಿಲ್ಲ. ವಾಪಸ್ ಬರುವಾಗ ಮೆಟ್ಟಿಲಲ್ಲೇ ಆಂಟಿ. ಮುಗಿಯಿತು ಕಥೆ ಅಂದುಕೊಂಡೆ.

“ಇವತ್ತು ನಾಯೀನೂ ಕರ್ಕೊಂಡು ಹೋಗಿದ್ಯೇನಮ್ಮ?”

ಬಾಗಿಲು ತೆಗೆದರೆ ಬೂದಿ ಚಾಪೆಯಿಂದೆದ್ದು ಮೈಮುರಿಯಿತು. ಅರೆಗಣ್ಣು. ಬಾಯಿ ತುಂಬ ಆಕಳಿಕೆ.

ಇವರು ಬಂದಮೇಲೆ ಕ್ಯಾಮೆರಾದ ರೆಕಾರ್ಡಿಂಗುಗಳನ್ನೆಲ್ಲ ನೋಡಿದರು. ಒಂದೊಂದರಲ್ಲೂ ಅದೇ: ಬೂದಿ ಬಾಗಿಲು ಮೂಸುತ್ತದೆ, ನಿಟ್ಟುಸಿರು ಬಿಡುತ್ತದೆ, ಮಲಗಲು ಕಾಲು ಮಡಚುತ್ತದೆ — ಅಷ್ಟರಲ್ಲಿ ನನ್ನ ದನಿ. ಎದ್ದು ಕಪಾಟಿನ ಹಿಂದೆ, ಮಂಚದ ಕೆಳಗೆ ನನ್ನನ್ನು ಹುಡುಕುತ್ತದೆ. ಸಿಗುವುದಿಲ್ಲ. ಬೊಗಳುತ್ತದೆ.

“ನೀನು ಬಾಯಿ ಮುಚ್ಕೊಂಡಿದ್ರೆ ಅದೂ ಮುಚ್ಕೊಳತ್ತೆ ಕಣೇ.”

ಮದುವೆಯಾದಾಗಿನಿಂದ ಕಾಯುತ್ತಿದ್ದ ಮಾತು ಪಾಪ. ಹೇಳಲಿ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನನಗೆ ನಗುವಿನ ನಡುವೆಯೇ ಕಣ್ಣು ತುಂಬಿತು.

ಜೂನ್ ೨೪

ಹೊಸ ಪದ್ಧತಿ. ಟಾಟಾ ಇಲ್ಲ, ಮುತ್ತಿಲ್ಲ. ಹಳೇ ಟವೆಲಿನಲ್ಲಿ ತಿಂಡಿ ಗಂಟು ಕಟ್ಟಿ ಬೂದಿಗೆ ಕೊಡುವುದು, ಹೊರಡುವುದು. ಕ್ಯಾಮೆರಾ ಮತ್ತೆ ತೊಟ್ಟಿಲಿಗೆ. ಮೊದಲು ಬೀದಿಯ ಕೊನೆಯವರೆಗೆ. ಆಮೇಲೆ ತರಕಾರಿ ಅಂಗಡಿ. ಬೂದಿಗೆ ರೂಢಿಯಾಗುತ್ತಿದೆ. ನನ್ನ ಹೆಬ್ಬೆರಳಿಗೆ ಇನ್ನೂ ಇಲ್ಲ, ಆ ಮಾತಾಡುವ ಬಟನ್ ಹುಡುಕುತ್ತದೆ.

ಜೂನ್ ೨೯, ರಾತ್ರಿ

ಸಂಜೆ ಆಂಟಿ ತಾವೇ ಮೇಲೆ ಬಂದರು. ಈ ವಾರ ಒಂದು ದಿನವೂ ಸದ್ದಿಲ್ಲವಂತೆ. ಇರಲಿ ಬಿಡಮ್ಮ, ಮನೆ ಕಾಯೋಕೂ ಒಂದು ಬೇಕಲ್ಲ ಎಂದರು. ಹೋದ ಜೀವ ಬಂತು. ಬೂದಿಯ ಕುತ್ತಿಗೆಗೆ ಮುಖವಿಟ್ಟು ಕೂತುಬಿಟ್ಟೆ. ಎಷ್ಟು ಹೊತ್ತೋ.

ಆ ಖುಷಿಯಲ್ಲಿ ಅತ್ತಿಗೆಗೆ ಹೇಳುವುದೇ ಮರೆತುಹೋಯಿತು. ಈಗ ಅವರ ಫೋನ್ ಸ್ವಿಚ್ ಆಫ್. ಬೆಳಕು ಹರಿಯುವ ಮೊದಲೇ ಹೊರಡುವವರು, ಕಾರಿನಲ್ಲಿ ಮಕ್ಕಳನ್ನೂ ಕೂರಿಸಿಕೊಂಡು. ಆ ಮಕ್ಕಳು ಬಂದು ಬೂದಿಯನ್ನು ತಬ್ಬಿಕೊಂಡರೆ, ಕೊಡಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಇವರೋ, ಬೆಳಿಗ್ಗೆ ನೋಡೋಣ ಎಂದು ಗೊರಕೆ ಹೊಡೆಯುತ್ತಿದ್ದಾರೆ.

ಅತ್ತಿಗೆ, ನೀರು ಕುಡಿಯೋಕಾದರೂ ಒಮ್ಮೆ ಏಳಿ. ಮೊಬೈಲ್ ಆನ್ ಮಾಡಿ. ಬೇಡ ಅನ್ನುತ್ತಿಲ್ಲ — ಬನ್ನಿ, ಊಟಕ್ಕೆ ಬನ್ನಿ, ನಾಲ್ಕು ದಿನ ಇರಿ. ಆದರೆ ಬೂದಿಗೆಂದು ಕಾರಿನ ಹಿಂದಿನ ಸೀಟಿಗೆ ಹಳೇ ಬೆಡ್‌ಶೀಟ್ ಮಾತ್ರ ಹಾಸಬೇಡಿ. ಬೆಳಗಾಗುವುದರೊಳಗೆ ಒಂದೇ ಒಂದು ಫೋನ್, ನನ್ನಮ್ಮ ಅಲ್ವಾ, ಮಿಸ್ಡ್ ಕಾಲ್ ಆದರೂ ಸಾಕು, ನಾನೇ ತಿರುಗಿ —