ಓದುವುದಿಲ್ಲವೆಂದು ಸಹಿ

ಆಕ್ರನ್, ಒಹಾಯೊ
ಮಾರ್ಚ್ ೩, ೨೦೨೪

ಪ್ರೀತಿಯ ತುಳಸಾ ದಿದಿಗೆ,

ಮನೆಗೆಲ್ಲ ಕಿರಿಯವಳಾದ ನಿನ್ನ ಕಾಂಛಿಯ ನಮಸ್ಕಾರ. ದಸಾಯ್ ಹಬ್ಬಕ್ಕೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ, ಬೈಯಬೇಡ. ಒಂದು ಕಡೆ ಕೂತು ಬರೆಯುವ ತಾಳ್ಮೆ ನನಗೆ ಯಾವತ್ತಿತ್ತು ಹೇಳು? ವೃದ್ಧಾಶ್ರಮದ ನನ್ನ ಪಾಳಿಗೆ ಇನ್ನೂ ಹೊತ್ತಿದೆ. ಕಾರಿನಲ್ಲಿ ಕೂತು ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ.

ಆಮಾ ಆರಾಮಾಗಿದ್ದಾಳೆ. ಹಿಮ ಕರಗುವ ಮೊದಲೇ ಬಕೆಟ್ಟಿನಲ್ಲಿ ಸಾಸಿವೆ ಸೊಪ್ಪು ಬಿತ್ತಿ ಕಿಟಕಿಯ ಹತ್ತಿರ ಇಟ್ಟಿದ್ದಾಳೆ. ಮಗಳು ಸ್ಮಾರಿಕಾಳ ಹುಟ್ಟುಹಬ್ಬಕ್ಕೆ ಈ ಸಲವೂ ನೀನು ಶಿಬಿರದ ಹಿಂದಿನ ಸಾಲಿನ ಗುಡಿಸಲಿನ ಧನಮಾಯಾ ಕಾಕಿಯನ್ನು ಕರೆಯಲಿಲ್ಲವಂತೆ. “ಹದಿಮೂರು ವರ್ಷ ಆಯ್ತು, ಇನ್ನೂ ಅವಳ ಮನೇಲಿ ನೀರು ಮುಟ್ಟಲ್ಲ ನಿನ್ನ ದಿದಿ,” ಎಂದು ಆಮಾ ಹೇಳಿದಳು. ನಾನು ಸಾಸಿವೆ ಸೊಪ್ಪಿನ ಮಾತು ತೆಗೆದೆ.

ನಿನ್ನ ತಂಗಿ ಅಮೆರಿಕದಲ್ಲಿ ಡಾಕ್ಟರ್ ಓದುತ್ತಿದ್ದಾಳೆ ಎಂದು ಶಿಬಿರದ ಪಕ್ಕದ ದಮಕ್ ಪೇಟೆಯಲ್ಲೆಲ್ಲ ಹೇಳಿಕೊಂಡಿದ್ದೀಯಂತೆ. ಇನ್ನೂ ಇಲ್ಲ ದಿದಿ. ಇಲ್ಲಿ ನಾಲ್ಕು ವರ್ಷ ಬೇರೆ ಡಿಗ್ರಿ ಮಾಡಿ, ಆಮೇಲೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಬೇಕು. ನಾನಿರುವುದು ಆ ಬಾಗಿಲ ಹೊರಗಿನ ಸಾಲಿನಲ್ಲಿ, ಎರಡನೆಯ ವರ್ಷದಲ್ಲಿ. ಈಗ ಆ ಸಾಲಿನಿಂದಲೂ ನನ್ನನ್ನು ಮೆತ್ತಗೆ ಸರಿಸುತ್ತಿದ್ದಾರೆ ಎಂದು ನನಗೆ ಅನುಮಾನ.

ನಮ್ಮಂಥವರಿಗೆ ದಾರಿ ಹೇಳಲು, ಊರಿಂದ ದೂರದ ನನ್ನ ಈ ಕಾಲೇಜಿನಲ್ಲಿ ಪ್ರೊಫೆಸರ್ ಪ್ರೂಯಿಟ್ ಎಂಬವರಿದ್ದಾರೆ. ಕಳೆದ ತಿಂಗಳು ಕರೆಸಿದರು. ನಾನು ಕೂರುವ ಮೊದಲೇ ಕಣ್ಣೊರೆಸುವ ಕಾಗದದ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಅಳು ಬರಿಸುವ ಮಾತು ಮೊದಲೇ ತಯಾರಾಗಿತ್ತು ಎಂದಾಯಿತಲ್ಲ?

“ರಸಾಯನಶಾಸ್ತ್ರದಲ್ಲಿ ಸಿ ಗ್ರೇಡ್ ಬಂದಿದೆ ಕೌಶಿಲಾ. ಗ್ರಂಥಾಲಯದ ಮೆಟ್ಟಿಲ ಮೇಲೆ ನಿದ್ದೆ ಹೋಗಿದ್ದೆಯಂತೆ?” ಎಂದರು. “ನಿಮ್ಮೂರಲ್ಲೇ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ ಇದೆಯಲ್ಲ, ಮನೆಗೂ ಹತ್ತಿರ. ಯಾಕೆ ಅಲ್ಲಿಗೆ ಹೋಗಬಾರದು? ಮಾರ್ಚ್ ಹದಿನೈದರ ಒಳಗೆ ಅರ್ಜಿ ಹಾಕು, ಶಿಫಾರಸು ಪತ್ರ ನಾನೇ ಬರೆದುಕೊಡ್ತೀನಿ.”

ಇಷ್ಟು ಪ್ರೀತಿ ಎಲ್ಲಿಂದ ಉಕ್ಕಿತು? ಅವರ ತಲೆಯ ಹಿಂದೆ ಗೋಡೆಯ ಮೇಲೆ ಫಲಕವಿದೆ: ನಮ್ಮಲ್ಲಿಂದ ಅರ್ಜಿ ಹಾಕಿದ ನೂರರಲ್ಲಿ ತೊಂಬತ್ತೆರಡು ಮಂದಿಗೆ ವೈದ್ಯಕೀಯ ಸೀಟು. ಕೊನೆಯ ವರ್ಷದ ಟ್ರೇ ಎಂಬವನನ್ನು ಕೇಳಿದೆ. ಅವನು ಊಟದ ತಟ್ಟೆ ಬಿಟ್ಟು ನಕ್ಕ.

“ತೊಂಬತ್ತೆರಡು ಹೆಂಗ್ ಬರುತ್ತೆ ಅಂದ್ಕೊಂಡಿದ್ದೀಯಾ? ಸೋಲೋ ಕುದುರೇನ ಓಟಕ್ಕೇ ಬಿಡಲ್ಲ, ಪೆದ್ದಿ. ಇಲ್ಲಿ ಮೆಡಿಕಲ್ ಅರ್ಜಿ ಜೊತೆ ಕಾಲೇಜಿನ ಕಮಿಟಿ ಕೊಡೋ ಶಿಫಾರಸು ಪತ್ರ ಬೇಕು. ಅನುಮಾನ ಇದ್ದೋರಿಗೆ ಪತ್ರಾನೇ ಕೊಡಲ್ಲ. ನಿನ್ನನ್ನ ಈಗಲೇ ಸಾಗಹಾಕಿದ್ರೆ ನೀನು ಲೆಕ್ಕಕ್ಕೇ ಬರಲ್ಲ.”

ಅಂದಿನಿಂದ ನನಗೆ ಎಲ್ಲರ ಮೇಲೂ ಕಣ್ಣು. ಮೆಟ್ಟಿಲ ಮೇಲೆ ನಿದ್ದೆ ಹೋದದ್ದನ್ನು ನೋಡಿದ್ದು ನನ್ನ ಕೋಣೆಯ ಕ್ಯಾಸಿಡಿ ಒಬ್ಬಳೇ. ಅವಳಿಗೂ ಡಾಕ್ಟರ್ ಆಗಬೇಕು. ನಾನು ಒಳಗೆ ಬಂದರೆ ಫೋನು ಮಗುಚಿಡುತ್ತಾಳೆ. “ಚಹಾ ಮಾಡ್ಲಾ?” ಎನ್ನುತ್ತಾಳೆ. ಮೊದಲು ಯಾವತ್ತು ಕೇಳಿದ್ದಳು? ಟಿಪ್ಪಣಿ ಪುಸ್ತಕವನ್ನು ದಿಂಬಿನ ಕೆಳಗಿಟ್ಟು ಮಲಗತೊಡಗಿದೆ. ನಗು ಬರುತ್ತದೆ ಅಲ್ಲವಾ? ಆಗ ಬರುತ್ತಿರಲಿಲ್ಲ.

ಅವರು ಕೊಟ್ಟ ವರ್ಗಾವಣೆ ಅರ್ಜಿಯಲ್ಲಿ ಒಂದು ಸಣ್ಣ ಚೌಕವಿತ್ತು. ನನ್ನ ಬಗ್ಗೆ ಬರೆದ ಪತ್ರವನ್ನು ಓದುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಅಲ್ಲಿ ಸಹಿ ಹಾಕಬೇಕು. ಇಲ್ಲಿ ಎಲ್ಲರೂ ಹಾಕುತ್ತಾರೆ. ಹಾಕದಿದ್ದರೆ ಬರೆಯುವವರನ್ನು ನಂಬಲಿಲ್ಲ ಎಂದರ್ಥ. ನನ್ನ ಬಗ್ಗೆ ಯಾರೋ ಬರೆದು ಕಳಿಸುತ್ತಾರೆ, ಅದರಂತೆ ನನ್ನ ಬದುಕು ತಿರುಗುತ್ತದೆ, ನಾನು ಮಾತ್ರ ಓದಬಾರದು! ನಾನು ಹಾಕಲಿಲ್ಲ.

ಪ್ರೂಯಿಟ್ ಆ ಖಾಲಿ ಚೌಕ ನೋಡಿ ಕನ್ನಡಕ ತೆಗೆದರು. “ಇಪ್ಪತ್ತು ವರ್ಷದಲ್ಲಿ ಇದನ್ನ ಖಾಲಿ ಬಿಟ್ಟವಳು ನೀನೊಬ್ಬಳೇ,” ಎಂದರು. “ಓದಬೇಕಾ? ಓದು.” ಕಂಪ್ಯೂಟರಿನ ಮುಖವನ್ನು ನನ್ನ ಕಡೆ ತಿರುಗಿಸಿಯೇಬಿಟ್ಟರು.

ನಿಂತೇ ಓದಿದೆ ದಿದಿ. ಒಂದು ಕೆಟ್ಟ ಮಾತಿರಲಿಲ್ಲ. ಇವಳನ್ನು ಕಳೆದುಕೊಳ್ಳುವುದು ನಮಗೆ ನಷ್ಟ, ವಾರಕ್ಕೆ ಮೂರು ಪಾಳಿ ಮುದುಕರ ಸೇವೆ ಮಾಡಿ ತರಗತಿಗೆ ಬರುತ್ತಾಳೆ, ಮನೆಯ ಹತ್ತಿರ ಇದ್ದರೆ ಇವಳಿಗೆ ನಿದ್ದೆಯಾದರೂ ಸಿಗುತ್ತದೆ ಎಂದಿತ್ತು. ಆದರೂ ನನ್ನ ಅನುಮಾನ ಹೋಗಲಿಲ್ಲ.

“ನಾನು ಇಲ್ಲೇ ಇದ್ದರೆ ಕಮಿಟಿ ಪತ್ರ ಸಿಗುತ್ತಾ ಮೇಡಂ?”

ಅವರು ಕಿಟಕಿಯ ಕಡೆ ನೋಡಿದರು. “ಈಗಿನ ಅಂಕಕ್ಕೆ ಇಲ್ಲ. ಮುಂದಿನ ವರ್ಷಕ್ಕೂ ಮಾತು ಕೊಡಲಾರೆ.”

“ಹಾಗಾದ್ರೆ ಆ ಫಲಕ?”

“ಆ ಫಲಕ ನಿಜ. ನೀನು ಅನುಮಾನ ಪಟ್ಟಿದ್ದೂ ನಿಜ. ಈ ಪತ್ರಾನೂ ನಿಜ.” ಕನ್ನಡಕ ಮತ್ತೆ ಹಾಕಿಕೊಂಡರು. “ಇನ್ನೊಂದು ಮಾತು. ಯಾಕೆ ಡಾಕ್ಟರ್ ಆಗಬೇಕು ಅಂತ ಇಲ್ಲಿಗೆ ಸೇರುವಾಗ ನೀನು ಬರೆದ ಪ್ರಬಂಧ ಓದಿದೆ. ನಿರಾಶ್ರಿತರ ಶಿಬಿರದಲ್ಲಿ ಅಕ್ಕನಿಗೆ ಕ್ಷಯ ಆಯ್ತು, ಅವಳನ್ನ ಹಿಂದೆ ಬಿಟ್ಟು ಬಂದ್ವಿ ಅಂತಿದೆ. ಆಗ ನೀನು ಎಲ್ಲಿದ್ದೆ? ಅದೇ ಅದರಲ್ಲಿಲ್ಲ.”

ಡಬ್ಬಿಯಿಂದ ಒಂದು ಕಾಗದ ಎಳೆದುಕೊಂಡು ಹೊರಗೆ ಬಂದೆ.

ಕೋಣೆಯಲ್ಲಿ ಕ್ಯಾಸಿಡಿ ಕಾಲುಚೀಲ ಮಡಿಸುತ್ತಿದ್ದಳು. “ನೀನೇ ತಾನೇ ಹೇಳಿದ್ದು?” ಎಂದೆ.

ಅವಳು ಬಿಳಚಿಕೊಂಡಳು. “ಹೌದು ಕಣೆ. ಯಾರೂ ಕೇಳ್ಲಿಲ್ಲ, ನಾನೇ ಹೋಗಿ ಹೇಳ್ದೆ. ಮೂರು ಸಲ ಅಲುಗಾಡಿಸಿದ್ರೂ ನೀನು ಎದ್ದೇಳ್ಲಿಲ್ಲ ಅವತ್ತು. ಸತ್ತೋದೆ ಅಂದ್ಕೊಂಡೆ. ಈ ವಾರ ಪೂರ್ತಿ ನಿಂಗೆ ಹೇಳ್ಬೇಕು ಅಂತ ಚಹಾ ಮಾಡ್ಲಾ, ಚಹಾ ಮಾಡ್ಲಾ ಅಂತಿದ್ದೆ. ನೀನು ಪುಸ್ತಕ ಬಚ್ಚಿಟ್ಕೊಂಡು ಮಲಗ್ತಿದ್ದೆ, ದೊಡ್ಡ ಪತ್ತೇದಾರಿ!”

ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಯಾಕೆ ಎಂದು ನಿನಗೆ ಕೆಳಗೆ ಹೇಳುತ್ತೇನೆ.

ವರ್ಗಾವಣೆ ತೆಗೆದುಕೊಳ್ಳುತ್ತೇನೆ ದಿದಿ. ಊರಿನ ವಿಶ್ವವಿದ್ಯಾಲಯದಲ್ಲಿ ಕಮಿಟಿ ಇಲ್ಲ, ಪಾಠ ಹೇಳಿದವರು ತಮಗೆ ತಿಳಿದದ್ದನ್ನು ತಾವೇ ಬರೆಯುತ್ತಾರೆ. ರಸಾಯನಶಾಸ್ತ್ರವನ್ನು ಮತ್ತೆ ಮೊದಲಿನಿಂದ ಓದಬೇಕು. ಓದುತ್ತೇನೆ. ನನ್ನನ್ನು ತಳ್ಳಿದರೋ ನಾನೇ ಹೊರಟೆನೋ ಎಂದು ಇನ್ನೂ ಪೂರ್ತಿ ಗೊತ್ತಾಗಿಲ್ಲ. ಆಮಾಗೆ ಮಾತ್ರ ಖುಷಿ: “ಬಾ ಕಾಂಛಿ, ಬಿಸಿ ಅನ್ನ ಆದ್ರೂ ತಿಂತೀಯ,” ಎಂದಳು.

ಭಿನಾಜು ಭಾವನಿಗೆ ನಮಸ್ಕಾರ ಹೇಳು. ಸ್ಮಾರಿಕಾಳ ಹಣೆಗೆ ನನ್ನ ಮುತ್ತು. ಅವಳು ಓಡಲಿ, ಬೀಳಲಿ, ಚೆನ್ನಾಗಿ ಬೆಳೆಯಲಿ. ನಿನ್ನ ಎದೆ ಗಟ್ಟಿಯಾಗಿರಲಿ, ಚಳಿಯಲ್ಲಿ ಮಫ್ಲರ್ ಸುತ್ತಿಕೋ.

ನಿನ್ನ,
ಕೌಶಿಲಾ

ಮರೆತ ಮಾತು: ಮರೆತದ್ದಲ್ಲ. ಹೊಸ ಅರ್ಜಿಗೂ ಆ ಪ್ರಬಂಧ ಬೇಕು. ಈ ಸಲ ನಾನು ಎಲ್ಲಿದ್ದೆ ಎಂದು ಬರೆದಿದ್ದೇನೆ. ಅದು ನಿನ್ನ ಬಗ್ಗೆಯೂ ಇದೆ, ಓದುವುದಿಲ್ಲವೆಂದು ನೀನು ಯಾರಿಗೂ ಸಹಿ ಹಾಕಿಕೊಟ್ಟಿಲ್ಲ. ಅದಕ್ಕೇ ಬೇರೆಯವರಿಗಿಂತ ಮೊದಲು ನಿನಗೆ ಹೇಳುತ್ತಿದ್ದೇನೆ.

ಅಮೆರಿಕಕ್ಕೆ ಬರಲು ಮಾಡಿದ ಮೊದಲ ತಪಾಸಣೆಯಲ್ಲಿ ನಿನ್ನ ಎಕ್ಸ್-ರೇ ಚೆನ್ನಾಗಿಯೇ ಬಂದಿತ್ತು. ಕೆಮ್ಮು ಶುರುವಾದದ್ದು ಆಮೇಲೆ. ಹೊರಡುವ ವಾರದ ಕೊನೆಯ ತಪಾಸಣೆಯಲ್ಲಿ ನರ್ಸಮ್ಮ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯಾ ಎಂದು ಕೇಳಿದಳು. ಅವಳ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. “ದಿದಿಗೆ. ಯಾರಿಗೂ ಕೇಳಿಸಬಾರದು ಅಂತ ದಿಂಬಿಗೆ ಬಾಯಿ ಒತ್ತಿಕೊಂಡು ಕೆಮ್ತಾಳೆ,” ಎಂದೆ. ಏಳು ವರ್ಷ ನನಗೆ. ಇನ್ನೆರಡು ತಿಂಗಳು ತಡವಾಗಿದ್ದರೆ ನೀನು ಉಳಿಯುತ್ತಿರಲಿಲ್ಲ ಎಂದು ಡಾಕ್ಟರ್ ಹೇಳಿದ್ದರಂತೆ. ಆದರೆ ನಾನು ಅದಕ್ಕೆ ಹೇಳಿದ್ದಲ್ಲ. ಬಿಸ್ಕತ್ತಿಗೆ ಹೇಳಿದೆ. ಚಿಕಿತ್ಸೆ ಮುಗಿಸಿ ಆರು ತಿಂಗಳಲ್ಲಿ ಅವಳೂ ಬರುತ್ತಾಳೆ ಎಂದು ನಮ್ಮನ್ನು ವಿಮಾನ ಹತ್ತಿಸಿದರು, ನೀನು ಅಲ್ಲೇ ಉಳಿದೆ.

ಧನಮಾಯಾ ಕಾಕಿ ಯಾರಿಗೂ ಏನೂ ಹೇಳಿರಲಿಲ್ಲ. ಅವಳೇ ಹೇಳಿದ್ದು ಎಂದು ನೀನು ಕೂಗಾಡಿದಾಗ ನಾನು ಆಮಾಳ ಹಿಂದೆ ನಿಂತು ಬಿಸ್ಕತ್ತು ತಿನ್ನುತ್ತಿದ್ದೆ. ಕಾಕಿ ನನ್ನ ಕೈ ನೋಡಿದಳು, ಮುಖ ನೋಡಿದಳು, ಬೈಗುಳವನ್ನೆಲ್ಲ ಕೇಳಿಸಿಕೊಂಡು ಸುಮ್ಮನೆ ಒಳಗೆ ಹೋದಳು.

ನನಗೆ ಉತ್ತರ ಬರೆಯದಿದ್ದರೂ ಸರಿ. ಕಾಕಿಯ ಮನೆಗೆ ಹೋಗಿ ಒಂದು ಲೋಟ ನೀರು ಕುಡಿ, ದಿದಿ.