ಸೋಸಿದ ನೀರು

ಚಿಕ್ಕಪಡಸಲಗಿ
ಬುಧವಾರ

ತೇರದಾಳದ ಕಮಲಾಬಾಯಿಯವರಿಗೆ ಹೊಳಿದಂಡಿ ಮಾಯವ್ವ ಅಂಬಿಗೇರ ಮಾಡುವ ಶರಣು.

ನೀವು ಫೋನ್ ಎತ್ತಂಗಿಲ್ಲ, ಅದಕ್ಕ ಈ ಪತ್ರ. ನಿನ್ನೆ ನಿಮ್ಮ ಯಜಮಾನ್ರು ನಮ್ಮ ಮನಿಗೆ ಬಂದಿದ್ರು. ಅವರಾಗಿ ನಿಮಗ ಹೇಳಂಗಿಲ್ಲ, ನನಗ ಗೊತ್ತೈತಿ.

ನಿಮ್ಮ ಮಗಳು ಭಕ್ತಿ, ಮೀನ ಹಿಡಿಯೋ ನನ್ನ ಮಗನ್ನ ಮದುವಿ ಆಗಿ ಒಂದೂವರಿ ವರ್ಷ ಆತು. ಅಷ್ಟು ಕಬ್ಬಿನ ಹೊಲ ಇರೋ ಜೈನ ಸಾವಕಾರ್ರು ಮೊದಲನೇ ಸಲ ನಮ್ಮ ಕಟ್ಟಿ ಮ್ಯಾಲ ಕುಂತ್ರು. ಒಣಗಾಕ ಹಾಕಿದ ಮೀನಿನ ಬಲಿ ನೋಡಿ ಮುಖಾ ತಿರುವಿದ್ರು. ಭಕ್ತಿ ನೀರು ಕೊಟ್ಟಳು, ಕುಡೀಲಿಲ್ಲ.

"ಸೋಸೀಯೇನು?" ಅಂದ್ರು.

"ಎರಡು ಪದರಿನ ಬಟ್ಟ್ಯಾಗ."

"ಬಟ್ಟ್ಯಾಗ ಉಳದ ಸಣ್ಣ ಜೀವಗೋಳ್ನ ಎಲ್ಲಿ ಬಿಡತೀರಿ?"

ಆಕಿ ಬಾಯಿ ತೆಗಿಯೂದ್ರಾಗ ನನ್ನ ಮಗ ಗುರುಪಾದ ಅಂದ: "ನೀರು ತಂದ ಜಾಗಾಕ್ಕ ದೋಣಿ ತಗೊಂಡು ಹೋಗಿ, ಅಲ್ಲೇ ಬಿಡತೀನ್ರಿ. ಆಮ್ಯಾಲ ಬಲಿ ಬೀಸತೀನಿ."

ಇಷ್ಟು ಖರೆ ಹೇಳಬೇಕಾಗಿತ್ತೇನು ಅಂತ ಅವನ್ನ ದುರುಗುಟ್ಟಿ ನೋಡಿದೆ. ಸಾವಕಾರ್ರು ಹೊಳಿ ಕಡೆ ನೋಡಿದ್ರು. ಆಮ್ಯಾಲ ತಂಬಿಗಿ ಎತ್ತಿ ಪೂರಾ ಕುಡದ್ರು. ಇನ್ನೊಂದು ತಂಬಿಗಿ ಕೇಳಿದ್ರು. ರಾತ್ರಿ ನಾ ಛಲೋ ನಿದ್ದಿ ಮಾಡಿದೆ.

ಸೋಸೋ ಬಟ್ಟಿ ಸವದೈತಿ. ರಬಕವಿ ಮಗ್ಗದ್ದು ದಪ್ಪಂದು ಒಂದು ಬೇಕಾಗಿತ್ತು.

ನಾ ಹೇಳಾಕತ್ತೇನಿ, ಬರಿಯಾಕಿ ನಿಮ್ಮ ಮಗಳು. ಆಕಿ ಅಕ್ಷರಾ ನೋಡಿ ಹಿಂದಿನ ಮೂರು ಪತ್ರ ಒಡೀದನ ಹೊಳ್ಳಿ ಕಳಿಸಿದ್ರಿ. ಅದಕ್ಕ ಈ ಸಲ ವಿಳಾಸ ಬ್ಯಾರೇದವರ ಕಡಿಂದ ಬರಸೀನಿ. ಇಲ್ಲೀತನಾ ಓದೀರಿ ಅಂದ್ರ, ಬಟ್ಟಿ ಪೋಸ್ಟಿಗೆ ಹಾಕಬ್ಯಾಡ್ರಿ. ನೀವ ತಗೊಂಡು ಬರ್ರಿ.

ನಿಮ್ಮ ಬೀಗತಿ,
ಮಾಯವ್ವ